ಮಸ್ಕತ್ತಿನಲ್ಲಿ ತಂಗಿದವರು

ಮಸ್ಕತ್ತಿಗೆ ಮೊದಲ ಸಲ ಬಂದಿಳಿದಾಗ ನಾವು ಮೂವರು ಸಹೋದ್ಯೋಗಿಗಳು ರೂವಿಯ ಒಂದು ಅಗ್ಗದ ಗೆಸ್ಟ್ ಹೌಸಿನಲ್ಲಿ ಹನ್ನೊಂದು ದಿನ ಕಳೆದೆವು. ಕಂಪನಿಯ ಫ್ಲಾಟು ಇನ್ನೂ ಸಿದ್ಧವಾಗಿರಲಿಲ್ಲ. ಜೂನ್ ತಿಂಗಳು. ಒಂದೇ ಕೋಣೆ, ಮೂರು ಮಂಚ, ಕಿಟಕಿಗೆ ತಗುಲಿಸಿದ ಹಳೆಯ ಏಸಿ. ಅದರ ಸದ್ದು ನಮ್ಮೂರ ಅಕ್ಕಿ ಗಿರಣಿಯನ್ನು ನೆನಪಿಸುತ್ತಿತ್ತು. ಆದರೂ ಆ ಸದ್ದು ನಿಲ್ಲದಿರಲಿ ಎಂದೇ ಎಲ್ಲರ ಪ್ರಾರ್ಥನೆ. ಐದನೆಯ ರಾತ್ರಿ ಅದು ನಿಂತೇ ಬಿಟ್ಟಿತು.

ಕೌಂಟರಿನಲ್ಲಿದ್ದವರು ಭಟ್ಕಳದ ಕಡೆಯವರು. "ಎಂತ ಮಾಡುದು ಸಾರ್, ಮೆಕ್ಯಾನಿಕ್ ಬೆಳಿಗ್ಗೆಯೇ ಬರುದು. ಚಾಪೆ ಕೊಡ್ತೆ, ಮೇಲೆ ಟೆರೇಸಿಗೆ ಹೋಗಿ" ಎಂದರು. ಹೋದೆವು. ರೂವಿಯ ಸುತ್ತ ಕಪ್ಪು ಕಲ್ಲಿನ ಬೋಳು ಗುಡ್ಡಗಳು. ಹಗಲೆಲ್ಲ ಹೀರಿಕೊಂಡ ಬಿಸಿಲನ್ನು ಅವು ರಾತ್ರಿಯೆಲ್ಲ ಉಗುಳುತ್ತವೆ. ಟೆರೇಸಿನಲ್ಲಿ ನಮಗಿಂತ ಮೊದಲೇ ಒಬ್ಬರು ಒದ್ದೆ ಟವೆಲ್ ಹೊದ್ದು ಮಲಗಿದ್ದರು. ಹಾವೇರಿ ಕಡೆಯ ಎಲೆಕ್ಟ್ರಿಷಿಯನ್. ಅವರ ಸೈಟು ಮುಚ್ಚಿತ್ತು. ಲೆಕ್ಕ ಚುಕ್ತಾ ಮಾಡಿ ಟಿಕೆಟ್ ಕೊಡುತ್ತೇವೆಂದು ಹೇಳಿ ಈ ಗೆಸ್ಟ್ ಹೌಸಿನಲ್ಲಿ ಇಳಿಸಿದ ಮಾಲೀಕರು ಮೂರು ವಾರವಾದರೂ ಬಂದಿರಲಿಲ್ಲ. "ಮೊದಲ ವಾರ ಊಟದ ರೊಕ್ಕಾ ಕಳಸತಿದ್ರು. ಈಗ ಅದನ್ನೂ ಬಂದ್ ಮಾಡ್ಯಾರ್ರೀ" ಎಂದರು. ಮತ್ತೆ ಊಟ? ಕೆಳಗಿನ ಕೌಂಟರಿನವರು ತಮ್ಮ ಡಬ್ಬಿಯಲ್ಲೇ ಪಾಲು ಕೊಡುತ್ತಿದ್ದರಂತೆ.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಆಮೇಲೆ, ಈ ಊರಿನಲ್ಲಿ ನೆಲೆಯಾದ ಮೇಲೆ, ರಜೆಯ ದಿನಗಳಲ್ಲಿ ಹಳೆಯ ಪುಸ್ತಕಗಳನ್ನು ತಿರುವಿ ಹಾಕುವ ಚಟ ಹತ್ತಿತು. ಹುಡುಕುತ್ತಿದ್ದುದು ಒಂದೇ ಪ್ರಶ್ನೆಗೆ ಉತ್ತರ: ನಮಗಿಂತ ಮೊದಲು ಇಲ್ಲಿ ಬಂದು ತಂಗಿದವರು ಯಾರು, ಅವರನ್ನು ನೋಡಿಕೊಂಡವರು ಯಾರು? ಕನ್ನಡ ನಾಡಿಗೂ ಮಸ್ಕತ್ತಿಗೂ ಇರುವ ನಂಟು ಅರಬ್ಬರ ಎಣ್ಣೆಗಿಂತ ಎಷ್ಟೋ ಹಳೆಯದು ಎಂಬುದು ಆಗ ಗೊತ್ತಾಯಿತು. ಅದರಲ್ಲಿ ಕೆಲವನ್ನು ಬಳಗದ ಸ್ನೇಹಿತರೊಡನೆ ಹಂಚಿಕೊಳ್ಳುವುದಕ್ಕೆ ಈ ಬರಹ.

* * *

ಮಸ್ಕತ್ತಿನ ಸೆಕೆಯನ್ನು ಬೈದು ಬರೆದವರಲ್ಲಿ ಅಗ್ರಗಣ್ಯ ಅಬ್ದುರ್ ರಜಾಕ್. ಶಾಲೆಯ ಇತಿಹಾಸದ ಪುಸ್ತಕದಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯನ್ ರಾಯಭಾರಿ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದ ಅದೇ ಮನುಷ್ಯ. ತೈಮೂರನ ಮಗ ಶಾರುಖ್ ಅವನನ್ನು ಕಲ್ಲಿಕೋಟೆಗೆ ಕಳಿಸಿದ್ದು. 1442ರ ಜನವರಿಯಲ್ಲಿ ಹೆರಾತ್ ಬಿಟ್ಟು ಹಾರ್ಮುಜ್‌ಗೆ ಬಂದ. ಅಲ್ಲಿ ಹಡಗು ಹೊರಡುವುದು ತಡವಾಯಿತು. ಮಸ್ಕತ್ ಮುಟ್ಟುವ ಹೊತ್ತಿಗೆ ಮಲಬಾರಿಗೆ ಹೋಗುವ ಗಾಳಿಯ ಕಾಲ ಮುಗಿದಿತ್ತು.

ಆ ಕಾಲದ ಪ್ರಯಾಣದ ಲೆಕ್ಕವೇ ಹಾಗೆ. ಮುಂಗಾರಿನ ಗಾಳಿ ಜೋರಾದರೆ ಅರಬ್ಬಿ ಸಮುದ್ರ ಮುಚ್ಚಿದ ಹಾಗೆ. ಒಂದು ವಾರ ತಡವಾದವನು ನಾಲ್ಕು ತಿಂಗಳು ಅಲ್ಲೇ ಕೂರಬೇಕು. ಈಗ ನಮ್ಮನ್ನು ವೀಸಾದ ಮುದ್ರೆ ಹಿಡಿದಿಡುತ್ತದೆ, ಆಗ ಗಾಳಿ ಹಿಡಿದಿಡುತ್ತಿತ್ತು.

ಸಿಕ್ಕಿಬಿದ್ದ ರಜಾಕ್ ತನ್ನ ಸಿಟ್ಟನ್ನೆಲ್ಲ ಸೆಕೆಯ ವರ್ಣನೆಗೆ ಸುರಿದಿದ್ದಾನೆ. ಮೂಳೆಯೊಳಗಿನ ಮಜ್ಜೆ ಕುದಿಯಿತಂತೆ, ಒರೆಯಲ್ಲಿದ್ದ ಕತ್ತಿ ಮೇಣದಂತೆ ಕರಗಿತಂತೆ. ಮರುಭೂಮಿಯಲ್ಲಿ ಜಿಂಕೆಗಳು ತಾವೇ ಸುಟ್ಟು ಬಿದ್ದಿರುತ್ತಿದ್ದುದರಿಂದ ಬೇಟೆ ಬಲು ಸುಲಭವಾಯಿತಂತೆ! ಪರ್ಷಿಯನ್ ಗದ್ಯದ ಅತಿಶಯೋಕ್ತಿ ಎಂದು ನಕ್ಕುಬಿಡಬಹುದು. ಆದರೆ ಅವನು ಮಸ್ಕತ್ತಿನಿಂದ ಮುಂದೆ ಹೋದದ್ದು ಕುರಿಯಾತ್‌ಗೆ. ಅದೇ ಕುರಿಯಾತ್‌ನಲ್ಲಿ 2018ರ ಜೂನ್ 26ರಂದು ಇಡೀ ದಿನದ, ರಾತ್ರಿಯೂ ಸೇರಿದಂತೆ, ಅತಿ ಕಡಿಮೆ ಉಷ್ಣಾಂಶ 42.6 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಅಂದರೆ ನಸುಕಿನ ತಂಪು ಹೊತ್ತೂ ಅಷ್ಟು ಬಿಸಿ. ಅಷ್ಟು ಬಿಸಿಯಾದ ಕನಿಷ್ಠ ಉಷ್ಣಾಂಶ ಜಗತ್ತಿನಲ್ಲಿ ಅದಕ್ಕೆ ಮೊದಲು ದಾಖಲಾಗಿರಲಿಲ್ಲ. ಕತ್ತಿ ಕರಗದಿದ್ದರೂ ರಜಾಕ್ ತೀರಾ ಸುಳ್ಳು ಹೇಳಿರಲಿಲ್ಲ.

ಸೆಕೆಯಿಂದ ಅವನೂ ಸಂಗಡಿಗರೂ ಜ್ವರ ಹಿಡಿದು ಮಲಗಿದರು. ಜೊತೆಗೆ ಬಂದಿದ್ದ ಅಣ್ಣ ಒಮಾನಿನ ಕರಾವಳಿಯಲ್ಲೇ ತೀರಿಕೊಂಡ. ಅವನನ್ನು ಅಲ್ಲೇ ಮಣ್ಣು ಮಾಡಿ, ಚೇತರಿಸಿಕೊಂಡ ತಮ್ಮ ಕಲ್ಹಾತ್ ಬಂದರಿನಿಂದ ಹಡಗು ಹತ್ತಿದ. ಜಿಂಕೆಯ ವರ್ಣನೆಗೆ ನಗುವ ನಾವು ಈ ಪುಟವನ್ನು ಸಾಮಾನ್ಯವಾಗಿ ಓದುವುದಿಲ್ಲ.

ಮುಂದಿನದು ನಮಗೆ ಗೊತ್ತಿರುವ ಕಥೆ. ಕಲ್ಲಿಕೋಟೆಯಿಂದ ಎರಡನೆಯ ದೇವರಾಯನ ಕರೆಯ ಮೇಲೆ ಮಂಗಳೂರು, ಬಿದನೂರು ದಾಟಿ 1443ರ ಏಪ್ರಿಲ್ ಕೊನೆಗೆ ವಿಜಯನಗರ ಸೇರಿದ. ಅಲ್ಲಿ ಎತ್ತರದ ಮನೆಯೊಂದನ್ನು ಬಿಡಾರಕ್ಕೆ ಕೊಟ್ಟರು. ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಜೊತೆಗೆ ಎರಡು ಚಿನ್ನದ ವರಹ. ಇಷ್ಟನ್ನೂ ಅವನು ಲೆಕ್ಕವಿಟ್ಟು ಬರೆದಿದ್ದಾನೆ. ಹಸಿದು ಬಂದವನು ಅನ್ನದ ಲೆಕ್ಕವನ್ನು ಮರೆಯುವುದಿಲ್ಲ.

ಆದರೆ ಸ್ವಲ್ಪ ಕಾಲದ ನಂತರ, ಇವನು ನಿಜವಾದ ರಾಯಭಾರಿಯೇ ಅಲ್ಲ ಎಂದು ಹಾರ್ಮುಜ್‌ನ ಕೆಲವರು ಚಾಡಿ ಹೇಳಿದರು. ದಣ್ಣಾಯಕ ದಂಡಯಾತ್ರೆಗೆ ಹೋಗಿದ್ದಾಗ ಅವನ ಜಾಗದಲ್ಲಿ ಕುಳಿತವನು ದಿನದ ಪಡಿಯನ್ನು ನಿಲ್ಲಿಸಿಬಿಟ್ಟ. ದಣ್ಣಾಯಕ ಮರಳಿದ ಮೇಲೆಯೇ ಅದು ಸರಿಹೋದದ್ದು. ಈ ಸಾಲು ಓದುವಾಗ ನಮ್ಮ ಕಣ್ಣ ಮುಂದೆ ಬಂದದ್ದು ರೂವಿಯ ಟೆರೇಸು. ರಾಜನ ಅತಿಥಿಯಾದರೂ, ಎಲೆಕ್ಟ್ರಿಷಿಯನ್ನನಾದರೂ, ಪರದೇಶದಲ್ಲಿ ತಂಗಿದವನ ಪಾಡು ಕೊನೆಗೆ ಯಾರೋ ಒಬ್ಬರ ಒಂದು ಮಾತಿನ ಮೇಲೆ ನಿಂತಿರುತ್ತದೆ. ರಜಾಕ್‌ಗೆ ದಣ್ಣಾಯಕನಿದ್ದ. 1444ರ ಆರಂಭದಲ್ಲಿ ಅವನು ಹೊನ್ನಾವರದಿಂದ ಹಡಗು ಹತ್ತಿ ಊರ ಕಡೆ ಹೊರಟ.

* * *

ಎಲ್ಲ ಅತಿಥಿಗಳೂ ಇಷ್ಟು ಸಾಧುಗಳಲ್ಲ. 1507ರಲ್ಲಿ ಅಲ್ಬುಕರ್ಕ್ ಬಂದು ಮಸ್ಕತ್ತನ್ನು ಸುಟ್ಟ. ಪೋರ್ಚುಗೀಸರು ಸುಮಾರು 140 ವರ್ಷ ಇಲ್ಲೇ ಠಿಕಾಣಿ ಹೂಡಿದರು. ಇಂದು ಪ್ರವಾಸಿಗಳು ಫೋಟೋ ತೆಗೆಯುವ ಜಲಾಲಿ, ಮಿರಾನಿ ಕೋಟೆಗಳು ಅವರು ಕಟ್ಟಿದವು. ಸುತ್ತ ಬರೀ ಕಲ್ಲು. ಉಣ್ಣಲು ಅಕ್ಕಿ ಎಲ್ಲಿಂದ? ಕೆನರಾದಿಂದ, ಅಂದರೆ ನಮ್ಮ ಮಂಗಳೂರು, ಬಸರೂರು, ಹೊನ್ನಾವರದ ಬಂದರುಗಳಿಂದ. ಗೋವೆಯೂ ಆ ಅಕ್ಕಿಯನ್ನೇ ನಂಬಿತ್ತು.

1650ರಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಮಸ್ಕತ್ತನ್ನು ಗೆದ್ದುಕೊಂಡ. ಇದರಲ್ಲಿ ನರೋತ್ತಮ ಎಂಬ ಬನಿಯಾ ವರ್ತಕನ ಕೈವಾಡವಿತ್ತು ಎಂದು ಒಮಾನಿ ಚರಿತ್ರೆಕಾರರು ಹೇಳುತ್ತಾರೆ. ಪೋರ್ಚುಗೀಸ್ ಅಧಿಕಾರಿ ಇವನ ಮಗಳನ್ನು ಬಲವಂತದಿಂದ ಮದುವೆಯಾಗಲು ಹೊರಟನಂತೆ. ಕೋಟೆಗೆ ಸಾಮಗ್ರಿ ಪೂರೈಸುತ್ತಿದ್ದ ನರೋತ್ತಮ, ಹಳೆಯದನ್ನು ಬದಲಿಸುವ ನೆಪದಲ್ಲಿ ಮದ್ದು ಗುಂಡು, ದವಸಗಳನ್ನೆಲ್ಲ ಹೊರಗೆ ಸಾಗಿಸಿ ಇಮಾಮನಿಗೆ ಹೇಳಿಕಳಿಸಿದನಂತೆ. ಎಷ್ಟು ನಿಜವೋ, ಕಥೆಯಂತೂ ಸೊಗಸಾಗಿದೆ. ಅದೇ ದಶಕದಲ್ಲಿ ನಮ್ಮ ಕಡೆ ಕೆಳದಿಯ ಶಿವಪ್ಪ ನಾಯಕ ಕೆನರಾದ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಬೇಡವಾದ ಒಬ್ಬನೇ ಅತಿಥಿಯನ್ನು ಸಮುದ್ರದ ಎರಡೂ ದಡದವರು ಒಟ್ಟೊಟ್ಟಿಗೆ ಹೊರಹಾಕಿದ ಹಾಗಾಯಿತು.

ಆಮೇಲೆ ಒಮಾನಿ ಹಡಗುಗಳು ತಾವೇ ಅಕ್ಕಿಗೆ ಬಂದವು. ಅದನ್ನು ತಡೆಯಲು ಪೋರ್ಚುಗೀಸರು ಹೆಣಗಿದರು. ಆ ಸಿಟ್ಟಿಗೆ 1695ರಲ್ಲಿ ಅರಬ್ಬರು ಮಂಗಳೂರಿಗೇ ಬೆಂಕಿ ಇಟ್ಟರು. ನಂಟು ಎಂದರೆ ಬರೀ ಸಿಹಿ ಎಂದುಕೊಳ್ಳಬಾರದು.

ಆದರೂ ವ್ಯಾಪಾರ ನಿಲ್ಲಲಿಲ್ಲ. 1765ರ ಜನವರಿಯಲ್ಲಿ ಇಲ್ಲಿಗೆ ಬಂದ ಕಾರ್ಸ್ಟೆನ್ ನೀಬುರ್ ಮಸ್ಕತ್ತಿನಲ್ಲಿ 1,200ಕ್ಕೆ ಕಡಿಮೆಯಿಲ್ಲದಷ್ಟು ಬನಿಯಾಗಳನ್ನು ಲೆಕ್ಕ ಹಾಕಿದ್ದಾನೆ. ಮುಸಲ್ಮಾನರ ಬೇರೆ ಯಾವ ಊರಿನಲ್ಲೂ ಇಷ್ಟು ಮಂದಿ ಹಿಂದೂಗಳಿಲ್ಲ, ಇಲ್ಲಿ ಅವರು ಹೆಂಡತಿಯರನ್ನು ಕರೆತರಬಹುದು, ದೇವರನ್ನು ಇಟ್ಟು ಪೂಜಿಸಬಹುದು, ಸತ್ತವರನ್ನು ಸುಡಬಹುದು ಎಂದು ಬೆರಗಾಗಿದ್ದಾನೆ. ನೀಬುರ್ ಸ್ವತಃ ಡೆನ್ಮಾರ್ಕಿನ ರಾಜ ಕಳಿಸಿದ ಸಂಶೋಧಕರ ತಂಡದಲ್ಲಿ ಬದುಕುಳಿದ ಒಬ್ಬನೇ ಒಬ್ಬ. ಉಳಿದವರೆಲ್ಲ ದಾರಿಯಲ್ಲಿ ಜ್ವರಕ್ಕೆ ಬಲಿಯಾಗಿದ್ದರು. ಸತ್ತವನಿಗೆ ಅವನ ಪದ್ಧತಿಯಂತೆ ಸಂಸ್ಕಾರ ಸಿಗುತ್ತದೆಯೇ ಎಂಬುದು ಅಂಥವನ ಕಣ್ಣಿಗೆ ಬಿದ್ದದ್ದು ಸಹಜ.

* * *

ಮಸ್ಕತ್ತಿನಲ್ಲಿ ನಮ್ಮ ಕಡೆಯವರದೇ ಆದ ಬಿಡಾರ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. 1780ರ ದಶಕದಲ್ಲಿ ಮೈಸೂರು ಸರ್ಕಾರದ ವ್ಯಾಪಾರದ ಕೋಠಿ ಇಲ್ಲಿ ನಡೆಯುತ್ತಿತ್ತು. ಮೀರ್ ಕಾಜಿಂ ಅದರ ದರೋಗ, ಸ್ಥಳೀಯ ದಲ್ಲಾಳಿ ಮಾವ್ ಸೇಟ. ಮಂಗಳೂರಿನ ಅಕ್ಕಿ, ಕರಿಮೆಣಸು, ಏಲಕ್ಕಿ, ಗಂಧದ ಮರ ಇಲ್ಲಿ ಇಳಿಯುತ್ತಿದ್ದವು. ಟಿಪ್ಪು ತನ್ನ ಕೋಠಿಯವರಿಗೆ ಬರೆದ ಪತ್ರಗಳನ್ನು ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ. ಅವನ್ನು ಓದುವುದು ಮಜಾ: ರೇಷ್ಮೆ ಹುಳು ಕಳಿಸಿ, ಸಾಕುವವರನ್ನೂ ಕಳಿಸಿ, ಖರ್ಜೂರದ ಸಸಿ ಕಳಿಸಿ, ಕೇಸರಿ ಬೀಜ ಕಳಿಸಿ, ಗಂಧಕ ಕಳಿಸಿ, ಹಡಗು ಕಟ್ಟುವವರನ್ನು ಹುಡುಕಿ. ಊರಿಂದ ನಮಗೆ ಬರುವ ಪಟ್ಟಿಗಳಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

1786ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ತದಡಿಯಿಂದ ಟಿಪ್ಪುವಿನ ನಾಲ್ಕು ಹಡಗುಗಳು ಕಾನ್‌ಸ್ಟಾಂಟಿನೋಪಲ್‌ಗೆಂದು ಹೊರಟು ಮೊದಲು ತಂಗಿದ್ದು ಮಸ್ಕತ್ತಿನಲ್ಲಿ. ರಾಯಭಾರಿ ಗುಲಾಂ ಅಲಿ ಖಾನ್. ದಿನಚರಿ ಬರೆದವನು ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್. ಸಿಪಾಯಿಗಳು, ಅಡಿಗೆಯವರು, ಜಾಡಮಾಲಿಗಳು, ಆನೆಯ ಮಾವುತರು ಎಲ್ಲ ಸೇರಿ ಸುಮಾರು 900 ಮಂದಿ. ಸೆಕೆಗಾಲದಲ್ಲಿ ವಾರಗಟ್ಟಲೆ ಇಲ್ಲಿ ಕೂತು, ಅಕ್ಕಿ ಮಾರಿ, ಮುಂದೆ ಬಸ್ರಾಕ್ಕೆ ಹೋದರು. ಪ್ಲೇಗು, ಹಡಗಿನ ಅಪಘಾತ, ಚಳಿ ಎಲ್ಲ ಮುಗಿದು ನಾಲ್ಕು ವರ್ಷದ ಕೊನೆಗೆ ಮೈಸೂರಿಗೆ ಮರಳಿದವರು ನೂರಕ್ಕೂ ಕಡಿಮೆ. ದೊಡ್ಡವರ ಹೆಸರು ಇತಿಹಾಸದಲ್ಲಿದೆ. ಆ ಅಡಿಗೆಯವರದು, ಮಾವುತರದು?

ಕೋಠಿಯ ಕಥೆಯೂ ಬೇಗ ಮುಗಿಯಿತು. 1798ರ ಅಕ್ಟೋಬರಿನಲ್ಲಿ ಮಸ್ಕತ್ತಿನ ದೊರೆ ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಫ್ರೆಂಚರನ್ನು ದೂರವಿಡಲು ಒಪ್ಪಿದ. 1799ರ ಜನವರಿಯಲ್ಲಿ ಕೈರೋದಲ್ಲಿದ್ದ ನೆಪೋಲಿಯನ್, ಟಿಪ್ಪುವಿಗೆ ತಲುಪಿಸಿ ಎಂದು ಮಸ್ಕತ್ತಿನ ದೊರೆಯ ಪತ್ರದೊಳಗೆ ಇನ್ನೊಂದು ಪತ್ರವಿಟ್ಟು ಕಳಿಸಿದ. ಅದು ಮಸ್ಕತ್ ಮುಟ್ಟಲಿಲ್ಲ. ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಊರಲ್ಲಿ ಸರ್ಕಾರವೇ ಹೋದ ಮೇಲೆ ಪರದೇಶದ ಕೋಠಿಗೆ ಯಾರು ದಿಕ್ಕು?

* * *

ನಂತರದ ಮಸ್ಕತ್ ಬಾಗಿಲು ಹಾಕಿಕೊಂಡ ಊರು. 1970ರ ಜುಲೈನಲ್ಲಿ ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬರುವವರೆಗೆ ಸೂರ್ಯ ಮುಳುಗಿದ ಮೂರು ಗಂಟೆಗೆ ಕೋಟೆಯ ಬಾಗಿಲು ಮುಚ್ಚುತ್ತಿತ್ತು. ಆಮೇಲೆ ಬೀದಿಗಿಳಿದವನ ಕೈಯಲ್ಲಿ ಕಂದೀಲು ಇರಲೇಬೇಕು. ದೇಶದಲ್ಲಿ ಡಾಂಬರು ರಸ್ತೆ ಇದ್ದದ್ದು ಹತ್ತು ಕಿಲೋಮೀಟರ್ ಆಸುಪಾಸು. ರೂವಿ ಕಣಿವೆಯಲ್ಲಿ ಆಗ ಗೆಸ್ಟ್ ಹೌಸುಗಳಿರಲಿಲ್ಲ, ಬೈತ್ ಅಲ್ ಫಲಜ್ ಕೋಟೆಯ ಪಕ್ಕ ಮಣ್ಣಿನ ವಿಮಾನದಾರಿ ಇತ್ತು. 1973ರಲ್ಲಿ ವಿಮಾನ ನಿಲ್ದಾಣ ಸೀಬ್‌ಗೆ ಹೋದ ಮೇಲೆ ಇಲ್ಲಿ ಬ್ಯಾಂಕು, ಅಂಗಡಿ, ಬಾಡಿಗೆ ಕೋಣೆಗಳು ಎದ್ದವು. ಅವನ್ನು ಕಟ್ಟಿದವರೂ, ಅವುಗಳಲ್ಲಿ ಒಂದು ಕೋಣೆಗೆ ಎಂಟು ಜನರಂತೆ ಮಲಗಿದವರೂ ಬಹುಪಾಲು ನಮ್ಮ ದೇಶದವರೇ.

ಗೆಸ್ಟ್ ಹೌಸ್ ಬಿಡುವ ದಿನ ಕೌಂಟರಿನಲ್ಲಿ ರಿಜಿಸ್ಟರಿಗೆ ಸಹಿ ಹಾಕಿದೆವು. ಉದ್ದನೆಯ ದಪ್ಪ ಪುಸ್ತಕ. ಹೆಸರು, ಪಾಸ್‌ಪೋರ್ಟ್ ನಂಬರು, ಎಲ್ಲಿಂದ, ಎಲ್ಲಿಗೆ. ಒಂದೇ ಪುಟದಲ್ಲಿ ಕುಂದಾಪುರ, ಕಲಬುರಗಿ, ಕಾಸರಗೋಡು. "ಹಳೆಯ ಪುಸ್ತಕಗಳನ್ನು ಎಂತ ಮಾಡ್ತೀರಿ?" ಎಂದು ಕೇಳಿದೆವು. "ಇಡ್ಲಿಕ್ಕೆ ಜಾಗ ಎಲ್ಲುಂಟು ಸಾರ್. ಕೆಲವು ವರ್ಷ ಇಟ್ಟು ರದ್ದಿಗೆ ಹಾಕುದು" ಎಂದರು. ಹಾವೇರಿಯವರ ಹೆಸರಿನ ಮುಂದೆ ‘ಎಲ್ಲಿಗೆ’ ಎಂಬ ಕಡೆ ಇನ್ನೂ ಖಾಲಿ ಇತ್ತು. ಅದು ಯಾವಾಗ ತುಂಬಿತೋ ನಾವು ವಿಚಾರಿಸಲಿಲ್ಲ. ಹೊಸ ಫ್ಲಾಟು, ಹೊಸ ಪ್ರಾಜೆಕ್ಟು ಎಂದು ಮುಳುಗಿಹೋದೆವು. ತಿಂಗಳು ಬಿಟ್ಟು ಹೋದಾಗ ಅವರೂ ಇರಲಿಲ್ಲ, ಕೌಂಟರಿನವರೂ ಬದಲಾಗಿದ್ದರು. ಆ ತಪ್ಪು ನಮ್ಮದೇ.

ಮೈಸೂರಿನ 900 ಮಂದಿಯಲ್ಲಿ ಖ್ವಾಜಾ ಅಬ್ದುಲ್ ಖಾದಿರ್ ಒಬ್ಬ ಬರೆದಿಟ್ಟದ್ದರಿಂದ ಅಷ್ಟಾದರೂ ಉಳಿಯಿತು. ಕೊಲ್ಲಿಯಲ್ಲಿ ಕನ್ನಡಿಗರು ಬದುಕಿದ ಚರಿತ್ರೆ ಕಂಪನಿಗಳ ಕಡತದಲ್ಲಿ ಸಿಗುವುದಿಲ್ಲ, ಸಂಘದ ಸ್ಮರಣ ಸಂಚಿಕೆಗಳಲ್ಲೂ ಪೂರ್ತಿ ಸಿಗುವುದಿಲ್ಲ. ಬಳಗದ ಓದುಗರಲ್ಲಿ ಪ್ರತಿಯೊಬ್ಬರಿಗೂ ಒಂದು ಮೊದಲ ಕೋಣೆ ಇದ್ದೇ ಇರುತ್ತದೆ. ಅದು ಯಾವ ಬೀದಿಯಲ್ಲಿತ್ತು, ಬಾಡಿಗೆ ಎಷ್ಟು, ಜೊತೆಗಿದ್ದವರು ಯಾವ ಊರಿನವರು, ಕೈಯಲ್ಲಿ ಕಾಸಿಲ್ಲದ ವಾರ ಊಟ ಹಾಕಿದವರು ಯಾರು? ಬಿಡುವು ಮಾಡಿಕೊಂಡು ಒಂದು ಪುಟ ಬರೆದಿಡಿ. ಭಾಷೆ ಚೆನ್ನಾಗಿರಬೇಕೆಂದೇನೂ ಇಲ್ಲ. ಊರಿನ ಹೆಸರು, ಇಸವಿ, ಊಟದ ಲೆಕ್ಕ ಸರಿಯಾಗಿದ್ದರೆ ಸಾಕು.