ಒಂಟಿ ದಾರಿಹೋಕನ ಹೊಣೆ ಯಾರದು?

ಕ್ಯಾತ್ಸಂದ್ರದ ಸಿದ್ಧಗಂಗೆ ಬೆಟ್ಟದ ಮೇಲೆ ನಿಂತು ಈಶಾನ್ಯದ ಕಡೆ ನೋಡಿದರೆ ದೇವರಾಯನದುರ್ಗದ ಸಾಲು ಕಾಣುತ್ತದೆ. ತುಮಕೂರಿನಿಂದ ಸುಮಾರು 15 ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 3,900 ಅಡಿ ಎತ್ತರಕ್ಕೆ ಎದ್ದಿರುವ ಈ ಬೆಟ್ಟಕ್ಕೆ ಹಲವು ಹೆಸರುಗಳಿವೆ. ಕ್ಷೇತ್ರಕ್ಕೆ ನಡೆದುಕೊಳ್ಳುವವರಿಗೆ ಇದು ಕರಿಗಿರಿ. ಅದಕ್ಕೂ ಹಿಂದೆ ಇದು ಆನೆಬಿದ್ದಸರಿ, ಆಮೇಲೆ ಜಡಕನೆಂಬ ಪಾಳೆಗಾರನ ಹೆಸರಿನಿಂದ ಜಡಕನದುರ್ಗ. ಮೈಸೂರಿನ ಚಿಕ್ಕದೇವರಾಜ ಒಡೆಯರು ಅದನ್ನು ಗೆದ್ದ ಮೇಲೆ ದೇವರಾಯನದುರ್ಗವಾಯಿತು. ಕೊನೆಯ ಹೆಸರು ಗೆದ್ದವರು ಇಟ್ಟದ್ದು. ಮೊದಲನೆಯದು ಹಾಗಲ್ಲ. 'ಸರಿ' ಎಂದರೆ ಕಡಿದಾದ ಇಳಿಜಾರು. ಆನೆಯಂಥ ಆನೆಯೂ ಕಾಲು ಜಾರುವ ಜಾಗವಿದು ಎಂದು ಆ ಹೆಸರು ಬರುವವರಿಗೆ ಹೇಳುತ್ತಿತ್ತು. ಅಲ್ಲಿ ಓಡಾಡಿದವರು ಮುಂದೆ ಓಡಾಡುವವರಿಗಾಗಿ ಇಟ್ಟ ಹೆಸರು ಅದು.

ಕಾಡುದಾರಿಯಲ್ಲಿ ಒಬ್ಬಂಟಿಯಾಗಿ ಹೋದ ಚಾರಣಿಗ ಕಾಣೆಯಾದ ಸುದ್ದಿ ಬಂದಾಗಲೆಲ್ಲ ನಮ್ಮ ಚರ್ಚೆ ಎರಡು ಮಾತಿಗೆ ನಿಂತುಬಿಡುತ್ತದೆ. 'ಒಬ್ಬನೇ ಯಾಕೆ ಹೋಗಬೇಕಿತ್ತು' ಎಂಬುದು ಒಂದು, 'ಇಲಾಖೆ ಏನು ಮಾಡುತ್ತಿತ್ತು' ಎಂಬುದು ಇನ್ನೊಂದು. ಇವೆರಡರ ಹಿಂದೆ ಇನ್ನೂ ಹಳೆಯ ಪ್ರಶ್ನೆಯೊಂದಿದೆ. ಎರಡು ಊರುಗಳ ನಡುವಿನ ಕಾಡಿನಲ್ಲಿ ನಡೆಯುತ್ತಿರುವ ಮನುಷ್ಯನ ಹೊಣೆ ಯಾರದು? ಆತ ಬರಲಿಲ್ಲ ಎಂಬುದು ಮೊದಲು ಯಾರಿಗೆ ಗೊತ್ತಾಗಬೇಕು? ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಒಂದು ಕಾಲಕ್ಕೆ ಸ್ಪಷ್ಟ ಉತ್ತರವಿತ್ತು.

ಹಳೆಯ ಮೈಸೂರು ಸೀಮೆಯ ಹಳ್ಳಿಯ ಆಡಳಿತವನ್ನು ಓದಿದವರಿಗೆ ಆಯಗಾರರು ಗೊತ್ತು. ಗೌಡ, ಶಾನುಭೋಗ, ನೀರಗಂಟಿ, ಕಮ್ಮಾರ, ಬಡಗಿ, ಅಗಸ ಹೀಗೆ ಹನ್ನೆರಡು ಮಂದಿ. ಊರಿನ ಬೆಳೆಯಲ್ಲಿ ಇವರಿಗೆ ಪಾಲು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಮೈಸೂರು ಚರಿತ್ರೆಯಲ್ಲಿ ಈ ಏರ್ಪಾಟನ್ನು ವಿವರಿಸಿದ್ದಾನೆ. ಎರಡು ವರ್ಷಗಳ ನಂತರ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬಂದ 'ಐದನೆಯ ವರದಿ'ಯಲ್ಲಿ ತಳವಾರ ಮತ್ತು ತೋಟಿಗಳ ಕೆಲಸವನ್ನು ಬೇರೆ ಬೇರೆಯಾಗಿ ಗುರುತಿಸಲಾಗಿದೆ. ತೋಟಿಯ ಕೆಲಸ ಹೆಚ್ಚಾಗಿ ಊರೊಳಗಿನದು, ಬೆಳೆ ಕಾಯುವುದು ಅದರಲ್ಲೊಂದು. ತಳವಾರನ ವ್ಯಾಪ್ತಿ ಅದಕ್ಕಿಂತ ದೊಡ್ಡದು. ಕಳ್ಳತನ, ಅಪರಾಧಗಳ ಸುಳಿವು ಹಿಡಿಯುವುದರ ಜೊತೆಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವವರಿಗೆ ಬೆಂಗಾವಲಾಗಿ ನಡೆದು ಅವರನ್ನು ಕಾಪಾಡುವುದೂ ಅವನ ಕೆಲಸ. ಅಂದರೆ ದಾರಿಹೋಕನನ್ನು ಮುಂದಿನ ಊರಿಗೆ ಮುಟ್ಟಿಸುವುದು ಯಾರದೋ ಔದಾರ್ಯಕ್ಕೆ ಬಿಟ್ಟ ವಿಷಯವಾಗಿರಲಿಲ್ಲ. ಅದು ಊರಿನ ಒಂದು ಹುದ್ದೆ.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಪದ್ಧತಿಯಿತ್ತು. ಪೇಶ್ವೆಗಳಿಂದ ಕಂಪನಿಯ ಕೈಗೆ ಬಂದ ಪ್ರದೇಶಗಳ ಬಗ್ಗೆ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿ ದಖ್ಖನಿನ ಹಳ್ಳಿ ಕಾವಲುಗಾರರ ಜಾಡು ಹಿಡಿಯುವ ಕ್ರಮವನ್ನು ವಿವರಿಸುತ್ತದೆ. ಕಳುವಾದಾಗ ಕಾವಲುಗಾರ ಕಳ್ಳನ ಹೆಜ್ಜೆಯನ್ನು ಹಿಂಬಾಲಿಸಿ ತನ್ನ ಊರಿನ ಎಲ್ಲೆಯವರೆಗೆ ಹೋಗಬೇಕು. ಹೆಜ್ಜೆ ಎಲ್ಲೆ ದಾಟಿದ್ದನ್ನು ತೋರಿಸಿಕೊಟ್ಟರೆ ಹೊಣೆ ಮುಂದಿನ ಊರಿನ ಕಾವಲುಗಾರನಿಗೆ ದಾಟುತ್ತದೆ. ಹೀಗೆ ಜಾಡು ಕೈಯಿಂದ ಕೈಗೆ ಸಾಗುತ್ತದೆ. ಎಲ್ಲಿ ನಿಂತಿತೋ ಆ ಊರು ಉತ್ತರ ಹೇಳಬೇಕು. ಈ ಲೆಕ್ಕದಲ್ಲಿ ಯಾರ ಹೊಣೆಗೂ ಸೇರದ ನೆಲ ಎಂಬುದೇ ಇಲ್ಲ. ಎಷ್ಟೇ ದಟ್ಟ ಕಾಡಿರಲಿ, ಅದರೊಳಗೆ ಎಲ್ಲೋ ಒಂದು ಕಡೆ ಎರಡು ಊರುಗಳ ಎಲ್ಲೆ ಕೂಡುತ್ತದೆ.

ಇದನ್ನು ಹೇಳಿ ಹಿಂದಿನ ಕಾಲವೇ ಚೆನ್ನಾಗಿತ್ತು ಎಂದು ಮುಗಿಸುವಂತಿಲ್ಲ. ತಳವಾರಿಕೆ, ತೋಟಿಕೆಗಳು ಜಾತಿಗೆ ಅಂಟಿಕೊಂಡ ವಂಶಪಾರಂಪರ್ಯದ ಕೆಲಸಗಳಾಗಿದ್ದವು. ಹೊತ್ತುಗೊತ್ತಿಲ್ಲದೆ ಕರೆದಾಗ ಬರಬೇಕು, ಕೊಟ್ಟಷ್ಟು ತೆಗೆದುಕೊಳ್ಳಬೇಕು. ಬೊಂಬಾಯಿ ಪ್ರಾಂತ್ಯದಲ್ಲಿ ಇಂಥದ್ದೇ ಮಹಾರ್ ವತನದ ವಿರುದ್ಧ ಅಂಬೇಡ್ಕರ್ 1928ರಲ್ಲಿ ಶಾಸನಸಭೆಯಲ್ಲಿ ಮಸೂದೆ ತಂದದ್ದು ಈ ಕಾರಣಕ್ಕೇ. ನಮ್ಮಲ್ಲಿ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ಇಂಥ ಹುದ್ದೆಗಳನ್ನು ಕೊನೆಗೊಳಿಸಿತು. ಅದು ಆಗಬೇಕಾದ ಕೆಲಸವೇ. ಆದರೆ ಒಂದು ಮಾತು ಉಳಿಯುತ್ತದೆ. ಹುದ್ದೆ ಹೋದಾಗ ಅದರೊಳಗಿದ್ದ ಅನ್ಯಾಯ ಹೋಗಬೇಕಿತ್ತು, ಹೊಣೆ ಇನ್ನೊಂದು ರೂಪದಲ್ಲಿ ಉಳಿಯಬೇಕಿತ್ತು. ಊರಿನ ಹಲವು ಕೆಲಸಗಳಿಗೆ ಹೊಸ ಹುದ್ದೆಗಳು ಬಂದವು. ದಾರಿಹೋಕನ ಜೊತೆ ನಡೆಯುವ ಕೆಲಸಕ್ಕೆ ಬರಲಿಲ್ಲ.

ಅಷ್ಟರಲ್ಲಿ ಕಾಡಿನ ಯಜಮಾನಿಕೆಯೂ ಬದಲಾಗಿತ್ತು. ಮೈಸೂರಿನಲ್ಲಿ 1864ರಲ್ಲಿ ಅರಣ್ಯ ಇಲಾಖೆ ಶುರುವಾಯಿತು, 1900ರಲ್ಲಿ ಅರಣ್ಯ ಕಾಯಿದೆ ಬಂತು. ಸೌದೆ, ಸೊಪ್ಪು, ಜೇನು, ಮೇವಿಗೆಂದು ಓಡಾಡುತ್ತಿದ್ದ ಕಾಡುಗಳಿಗೆ ಗಡಿಕಲ್ಲುಗಳು ಬಿದ್ದವು. ಕಾಡು ಉಳಿಯಲು ಇದು ನೆರವಾಯಿತು ಎಂಬುದು ನಿಜ. ಆದರೆ ಕಾಲ್ದಾರಿ ಎಂಬುದು ನಡೆದರೆ ಮಾತ್ರ ಉಳಿಯುವ ವಸ್ತು. ನಡೆಯುವವರು ಕಡಿಮೆಯಾದಂತೆ ದಾರಿಯನ್ನು ಲಂಟಾನ ನುಂಗುತ್ತದೆ, ದಾರಿಯ ಹೆಸರುಗಳೂ ಮರೆಯುತ್ತವೆ. ಯಾವ ದೊಣೆಯಲ್ಲಿ ಬೇಸಿಗೆಯಲ್ಲೂ ನೀರಿರುತ್ತದೆ, ಯಾವ ಬಂಡೆಯ ಸಂದಿಯಲ್ಲಿ ಕರಡಿ ಮಲಗುತ್ತದೆ, ಯಾವ ಕಣಿವೆಯಲ್ಲಿ ಕೂಗಿದರೆ ಆಚೆಗೆ ಕೇಳಿಸುವುದಿಲ್ಲ ಎಂಬುದೆಲ್ಲ ದನಗಾಹಿಗಳ, ಸೌದೆಗೆ ಹೋಗುವ ಹೆಂಗಸರ ತಲೆಯಲ್ಲಿದ್ದ ನಕ್ಷೆ. ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯ ಕಥೆಯನ್ನೇ ನೋಡಿ. ರಾಮ ಹಣೆಗೆ ನಾಮವಿಡಲು ನೀರಿಲ್ಲದೆ ಬಾಣ ಬಿಟ್ಟು ಬಂಡೆಯಿಂದ ನೀರು ತೆಗೆದ ಎನ್ನುತ್ತಾರೆ. ಸಿದ್ಧಗಂಗೆಯ ಹೆಸರಿನ ಹಿಂದೆಯೂ ಬೆಟ್ಟದಲ್ಲಿ ನೀರು ಉಕ್ಕಿದ ಐತಿಹ್ಯವೇ ಇದೆ. ಒಣ ಸೀಮೆಯಲ್ಲಿ ನೀರಿರುವ ಜಾಗ ಜನರ ನೆನಪಿನಿಂದ ಜಾರದಂತೆ ಇಂಥ ಕಥೆಗಳು ನೋಡಿಕೊಂಡಿವೆ.

ಹಿಂದೆ ಕಾಡಿನಲ್ಲಿ ಒಂಟಿಯಾಗಿ ನಡೆಯುತ್ತಿದ್ದವರು ಯಾರು? ವ್ಯಾಪಾರಿಗಳಲ್ಲ. ಗುಬ್ಬಿಯ ಸಂತೆಗೆ ಹೇರು ಹೊತ್ತು ಬರುತ್ತಿದ್ದವರು ಎತ್ತುಗಳ ಸಾಲಿನೊಂದಿಗೆ, ಗುಂಪಾಗಿ ಬರುತ್ತಿದ್ದರು. ಒಂಟಿಯಾಗಿ ನಡೆದವರಲ್ಲಿ ಮುಖ್ಯನಾದವನು ಅಂಚೆಯವನು. ದೇವರಾಯನದುರ್ಗವನ್ನು ಗೆದ್ದ ಅದೇ ಚಿಕ್ಕದೇವರಾಜ ಒಡೆಯರು ಮೈಸೂರು ಅಂಚೆಯನ್ನೂ ಕಟ್ಟಿದರು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗುವವರೆಗೂ ಅದು ನಡೆಯಿತು. ಅಂಚೆಯವನು ಚೀಲ ಹೊತ್ತು ಒಬ್ಬನೇ ಓಡುತ್ತಿದ್ದ, ಆದರೆ ಒಂದು ಅರ್ಥದಲ್ಲಿ ಅವನು ಒಂಟಿಯಲ್ಲ. ಮುಂದಿನ ಕಟ್ಟೆಯಲ್ಲಿ ಇನ್ನೊಬ್ಬ ಆ ಚೀಲಕ್ಕಾಗಿ ಕಾಯುತ್ತಿರುತ್ತಾನೆ. ಹೊತ್ತು ಮೀರಿದರೆ ಅವನಿಗೆ ಮೊದಲು ಗೊತ್ತಾಗುತ್ತದೆ. ಏನೋ ಆಗಿದೆ ಎಂಬುದಷ್ಟೇ ಅಲ್ಲ, ಯಾವ ಎರಡು ಕಟ್ಟೆಗಳ ನಡುವೆ ಆಗಿದೆ ಎಂಬುದೂ ಗೊತ್ತಾಗುತ್ತದೆ.

ಹುಡುಕಾಟದ ವಿಜ್ಞಾನ ಇಂದಿಗೂ ಇಲ್ಲಿಂದಲೇ ಶುರುವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸಮುದ್ರದಲ್ಲಿ ಅಡಗಿದ ಜಲಾಂತರ್ಗಾಮಿಗಳನ್ನು ಹುಡುಕಲು ಬರ್ನಾರ್ಡ್ ಕೂಪ್ಮನ್ ಎಂಬ ಗಣಿತಜ್ಞ ಅಮೆರಿಕದ ನೌಕಾಪಡೆಗಾಗಿ ಒಂದು ಸಿದ್ಧಾಂತ ಕಟ್ಟಿದ. ಹುಡುಕುವ ಪ್ರದೇಶವನ್ನು ಭಾಗ ಮಾಡಿ, ಪ್ರತಿ ಭಾಗದಲ್ಲೂ ಸಿಗುವ ಸಂಭವ ಎಷ್ಟು ಎಂದು ಅಂದಾಜಿಸಿ, ಹುಡುಕಿ ಸಿಗದಿದ್ದರೆ ಆ ಅಂದಾಜನ್ನು ತಿದ್ದುತ್ತಾ ಹೋಗುವುದು ಅದರ ತಿರುಳು. ವಿಲಿಯಂ ಸಿರೊಟಕ್ 1970ರ ದಶಕದಲ್ಲಿ, ಆಮೇಲೆ ರಾಬರ್ಟ್ ಕೋಸ್ಟರ್, ಕಾಡಿನಲ್ಲಿ ದಾರಿ ತಪ್ಪಿದವರ ನೂರಾರು, ಸಾವಿರಾರು ಪ್ರಕರಣಗಳನ್ನು ಕೂಡಿಸಿ ಮಕ್ಕಳು, ಮರೆವಿನ ವೃದ್ಧರು, ಬೇಟೆಗಾರರು, ಚಾರಣಿಗರು ಹೇಗೆ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತಾರೆಂದು ತೋರಿಸಿದರು. 2009ರಲ್ಲಿ ಯಾನ್ ಸೌಮನ್ ಮತ್ತು ಸಂಗಡಿಗರು ಜರ್ಮನಿಯ ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ಜನರನ್ನು ನಡೆಸಿ ನೋಡಿದರು. ಸೂರ್ಯ ಕಾಣದಿದ್ದಾಗ ನೇರ ನಡೆಯುತ್ತಿದ್ದೇನೆ ಎಂದುಕೊಂಡವರು ತಮ್ಮ ಹೆಜ್ಜೆಯನ್ನೇ ದಾಟುವಂತೆ ಸುತ್ತು ಹಾಕುತ್ತಿದ್ದರು. ಆದರೆ ಈ ಎಲ್ಲ ಲೆಕ್ಕಕ್ಕೂ ಎರಡು ಅಂಶ ಬೇಕೇ ಬೇಕು. ಕೊನೆಯ ಬಾರಿ ಕಂಡದ್ದು ಎಲ್ಲಿ, ಎಷ್ಟು ಹೊತ್ತಿಗೆ? ಅದನ್ನು ಹೇಳಬಲ್ಲವನು ಇನ್ನೊಬ್ಬ ಮನುಷ್ಯ ಮಾತ್ರ.

ಕುಮಾರಪರ್ವತದಲ್ಲಿ 2019ರ ಸೆಪ್ಟೆಂಬರಿನಲ್ಲಿ ಗೆಳೆಯರ ತಂಡದಿಂದ ಬೇರೆಯಾದ ಬೆಂಗಳೂರಿನ ಯುವಕನೊಬ್ಬ ಕಾಣೆಯಾದ. ಮಳೆಗಾಲದ ಕಾಡು. ಅರಣ್ಯ ಇಲಾಖೆ, ಪೊಲೀಸರು, ಸ್ಥಳೀಯರು ಹುಡುಕಿದರು. ಎರಡು ದಿನದ ಮೇಲೆ ಆತ ತಾನೇ ಹೊರಬಂದ. ಕಾಡಿನಲ್ಲಿ ಕಂಡ ಒಂದು ನೀರಿನ ಪೈಪಿನ ಜಾಡು ಹಿಡಿದು ಇಳಿದಿದ್ದ. ತೊರೆ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತಿದೆ. ಪಶ್ಚಿಮಘಟ್ಟದಲ್ಲಿ ತೊರೆ ಜಲಪಾತದ ಅಂಚಿಗೂ ಕರೆದೊಯ್ಯಬಹುದು. ದೇವರಾಯನದುರ್ಗದಂಥ ಒಣ ಬೆಟ್ಟದಲ್ಲಿ ವರ್ಷದ ಬಹುಪಾಲು ತೊರೆಯೇ ಇರುವುದಿಲ್ಲ. ಪೈಪು ಹಾಗಲ್ಲ. ಅದರ ಇನ್ನೊಂದು ತುದಿಯಲ್ಲಿ ಮನೆಯೋ ತೋಟವೋ ಇದ್ದೇ ಇರುತ್ತದೆ.

2022ರ ಫೆಬ್ರುವರಿ 20ರಂದು ನಂದಿಬೆಟ್ಟದ ಬಳಿಯ ಬ್ರಹ್ಮಗಿರಿಯಲ್ಲಿ ಕಾಲು ಜಾರಿದ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಕೆಳಗೆ ಬಂಡೆಯ ಮೇಲೆ ಸಿಕ್ಕಿಕೊಂಡ. ಕೈಯಲ್ಲಿ ಫೋನಿತ್ತು, ಸಿಗ್ನಲ್ ಇತ್ತು. ತಾನಿರುವ ಜಾಗವನ್ನು ಪೊಲೀಸರಿಗೆ ಕಳಿಸಿದ. ಯಲಹಂಕದ ವಾಯುನೆಲೆಯಿಂದ ಬಂದ ಹೆಲಿಕಾಪ್ಟರ್ ಆತನನ್ನು ಅದೇ ದಿನ ಮೇಲೆತ್ತಿತು. ಇಲ್ಲಿ ಹುಡುಕುವ ಕೆಲಸವೇ ಬೀಳಲಿಲ್ಲ, ಎತ್ತುವ ಕೆಲಸವಷ್ಟೇ ಉಳಿಯಿತು.

ಫೋನೊಂದನ್ನೇ ನಂಬಿದರೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಅಪಲೇಚಿಯನ್ ದಾರಿಯಲ್ಲಿ ನಡೆದ ಘಟನೆ ಸಾಕ್ಷಿ. 2013ರ ಜುಲೈನಲ್ಲಿ, ಮೇಯ್ನ್ ರಾಜ್ಯದ ಕಾಡಿನಲ್ಲಿ, 66 ವರ್ಷದ ಒಂಟಿ ಚಾರಣಿಗ ಮಹಿಳೆಯೊಬ್ಬರು ಬಹಿರ್ದೆಸೆಗೆಂದು ದಾರಿ ಬಿಟ್ಟು ಒಳಗೆ ಹೋದರು. ಮರಳಿ ದಾರಿ ಸಿಗಲಿಲ್ಲ. ಗಂಡನಿಗೆ ಕಳಿಸಿದ ಸಂದೇಶಗಳು ಸಿಗ್ನಲ್ ಇಲ್ಲದೆ ಫೋನಿನಲ್ಲೇ ಉಳಿದವು. ಮುಂದಿನ ರಸ್ತೆ ಕೂಡುವಲ್ಲಿ ಗಂಡ ಕಾರಿನಲ್ಲಿ ಕಾಯುತ್ತಿದ್ದುದರಿಂದಲೇ ಹುಡುಕಾಟ ಬೇಗ ಶುರುವಾಯಿತು. ಆ ರಾಜ್ಯ ಕಂಡ ದೊಡ್ಡ ಹುಡುಕಾಟಗಳಲ್ಲಿ ಅದೊಂದು. ಆದರೂ ಸಿಗಲಿಲ್ಲ. 2015ರ ಅಕ್ಟೋಬರಿನಲ್ಲಿ ಗುಡಾರ, ಅಸ್ಥಿ, ಬರೆದಿಟ್ಟ ಪುಸ್ತಕ ಸಿಕ್ಕವು. ಜಾಗ ದಾರಿಯಿಂದ 3 ಕಿ.ಮೀ. ಒಳಗೇ ಇತ್ತು. ಆಕೆ ಕನಿಷ್ಠ 26 ದಿನ ಬದುಕಿದ್ದರು ಎಂದು ಆ ಬರಹ ಹೇಳಿತು. ಕಾಯುವವರಿದ್ದರೆ ಸಾಲದು, ಕಾಡು ಬಲ್ಲವರೂ ಬೇಕು, ಅದೃಷ್ಟವೂ ಬೇಕು. ಆದರೆ ಕಾಯುವವರೇ ಇಲ್ಲದಿದ್ದರೆ ಹುಡುಕಾಟ ಶುರುವಾಗುವುದೇ ಇಲ್ಲ.

ಸಿಗದೆ ಹೋದವರ ಮನೆಯವರಿಗೆ ಕಾನೂನು ಇನ್ನೊಂದು ಕಾಯುವಿಕೆಯನ್ನು ಇಟ್ಟಿದೆ. 1872ರ ಸಾಕ್ಷ್ಯ ಕಾಯಿದೆಯ 108ನೇ ಕಲಮು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮು, ಏಳು ವರ್ಷ ಸುಳಿವೇ ಇಲ್ಲದ ವ್ಯಕ್ತಿ ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕೆನ್ನುತ್ತದೆ. ಅಲ್ಲಿಯವರೆಗೆ ಬ್ಯಾಂಕಿನ ಖಾತೆ, ಜಮೀನಿನ ಖಾತೆ, ತಿಥಿ ಎಲ್ಲವೂ ನಡುವೆ ನಿಂತಿರುತ್ತವೆ. ಹಾಗಿದ್ದೂ 'ಕಾಣೆಯಾದ ದೂರು ಕೊಡಲು 24 ಗಂಟೆ ಕಾಯಬೇಕು' ಎಂಬ ತಪ್ಪು ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಅಂಥ ನಿಯಮವಿಲ್ಲ. ಕಾಡಿನ ಮಟ್ಟಿಗೆ ಆ ಮೊದಲ 24 ಗಂಟೆಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಕುಮಾರಪರ್ವತದಲ್ಲಿ 2024ರ ಜನವರಿಯ ಕೊನೆಗೆ ಜನ ಸಾಗರದಂತೆ ನುಗ್ಗಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಲು ಹೊರಟಿತು. ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ಬಂತು. ಕಾಡಿಗೆ ಹೋಗುವವರ ಹೆಸರು ಬರೆದಿಡುವ ವ್ಯವಸ್ಥೆಯಾಗಿ ನೋಡಿದರೆ ಇದು ದೊಡ್ಡ ಹೆಜ್ಜೆ. ಆದರೆ ತಳವಾರನ ಪಾಠವನ್ನೂ ಅಂಚೆ ಕಟ್ಟೆಯ ಪಾಠವನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. ಬೆಳಿಗ್ಗೆ ಒಳಗೆ ಹೋದವರನ್ನು ಎಣಿಸುವುದು ಕಾಡಿನ ಮೇಲಿನ ಹೊರೆಯ ಲೆಕ್ಕ. ಸಂಜೆ ಹೊರಗೆ ಬಂದವರನ್ನು ಎಣಿಸುವುದು ಮನುಷ್ಯರ ಲೆಕ್ಕ. ಎರಡನೆಯದಿಲ್ಲದೆ ಮೊದಲನೆಯದು ಬರೀ ಟಿಕೆಟ್ಟು.

ಆ ಸಂಜೆಯ ಲೆಕ್ಕ ಇಡುವವರು ಯಾರು ಎಂಬುದೂ ಮುಖ್ಯ. ಪ್ರತಿ ಹುಡುಕಾಟದ ವರದಿಯಲ್ಲೂ 'ಸ್ಥಳೀಯರ ನೆರವಿನಿಂದ' ಎಂಬ ಎರಡು ಪದ ಬರುತ್ತದೆ. ಅಧಿಕಾರಿಗಳಿಗೆ ಹೆಸರಿರುತ್ತದೆ, ಸ್ಥಳೀಯರಿಗೆ ಇರುವುದಿಲ್ಲ. ಅವರಲ್ಲಿ ಅನೇಕರು ಹಿಂದೆ ಬಿಟ್ಟಿಯಾಗಿ ದಾರಿ ಕಾಯ್ದವರ ಮೊಮ್ಮಕ್ಕಳೇ ಇರಬಹುದು. ಅವರ ತಿಳಿವಳಿಕೆಯನ್ನು ಮತ್ತೆ ಬಿಟ್ಟಿಯಾಗಿ ಬಳಸಿಕೊಳ್ಳುವುದು ಹಳೆಯ ಅನ್ಯಾಯದ ಮುಂದುವರಿಕೆಯಾದೀತು. ಸಂಬಳ, ವಿಮೆ, ತರಬೇತಿ ಕೊಟ್ಟು, ಹೆಸರು ಬರೆದು, ಅದನ್ನು ಗೌರವದ ಹುದ್ದೆಯಾಗಿ ಮಾಡಿದರೆ 1961ರಲ್ಲಿ ಅರ್ಧಕ್ಕೆ ನಿಂತ ಕೆಲಸ ಮುಗಿದಂತಾಗುತ್ತದೆ.

ಒಬ್ಬರೇ ನಡೆಯುವುದು ತಪ್ಪಲ್ಲ. ಹಾಗೆ ನಡೆಯುವ ಹಂಬಲ ಈ ಕಾಲದ ಅನೇಕರಿಗೆ ಇದೆ, ಇರಲಿ. ಆದರೆ ಹೊರಡುವ ಮೊದಲು ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯ ಒಬ್ಬರಿಗೆ, ತಪ್ಪಲಿನ ಒಬ್ಬರಿಗೆ ಹೇಳಿ ಹೋಗಬೇಕು. ಬೆಟ್ಟದ ಬುಡದ ಟೀ ಅಂಗಡಿಯವರಾದರೂ ಸರಿ. ಕತ್ತಲಾದಾಗ 'ಬೆಳಿಗ್ಗೆ ಹೋದ ಹುಡುಗಿ ಇನ್ನೂ ಇಳಿದಿಲ್ಲವಲ್ಲ' ಎಂದು ಒಬ್ಬರು ಹೊರಗೆ ಬಂದು ನೋಡಿದರೆ, ಹುಡುಕಾಟ ಆಗಲೇ ಶುರುವಾದಂತೆ.