ಕಾಫಿ ಸೀಮೆಯ ಬ್ರಿಜ್

ಇಸ್ಪೀಟು ಎಂದರೆ ಸಾಕು, ನಾವು ಹೆಂಗಸರು ಮುಖ ಸಿಂಡರಿಸುತ್ತೇವೆ. ಅದಕ್ಕೆ ಕಾರಣವೂ ಇದೆ. ಹಣ ಕಟ್ಟಿ ಆಡಿ ಹಾಳಾದ ಮನೆಗಳು ಯಾವ ಊರಲ್ಲಿಲ್ಲ? ಆದರೆ ಅದೇ 52 ಎಲೆಗಳಲ್ಲಿ ಆಡುವ ಬ್ರಿಜ್ಜಿನ ದಾರಿಯೇ ಬೇರೆ. ನಮ್ಮ ಕಾಫಿ ಸೀಮೆಗೂ ಅದಕ್ಕೂ ಹಳೆಯ ನಂಟು.

19ನೆಯ ಶತಮಾನದಲ್ಲಿ ಬಾಬಾಬುಡನ್‌ಗಿರಿಯ ಆಸುಪಾಸಿಗೆ ಬಿಳಿಯ ತೋಟಗಾರರು ಬಂದರು. ತೋಟದಿಂದ ತೋಟಕ್ಕೆ ಮೈಲಿಗಟ್ಟಲೆ ಕಾಡುದಾರಿ. ಮೂಡಿಗೆರೆ, ಕಳಸದ ಕಡೆ ಮಳೆ ಹಿಡಿಯಿತೆಂದರೆ ತಿಂಗಳಾದರೂ ಬಿಡದು. ನಾಲ್ಕು ಜನ ಸೇರಲು ಒಂದು ನೆಲೆ ಬೇಕಾಗಿ ಕ್ಲಬ್ಬುಗಳು ಹುಟ್ಟಿದವು. ಚಿಕ್ಕಮಗಳೂರಿನಲ್ಲಿ 'ಕಡೂರು ಕ್ಲಬ್' ಏಕೆಂದು ಹೊಸಬರು ಕೇಳುವುದುಂಟು. 1947ರವರೆಗೆ ಈ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ! ತೋಟಗಾರರ ಕ್ಲಬ್ಬುಗಳಲ್ಲಿ ಟೆನಿಸ್, ಬಿಲಿಯರ್ಡ್ಸ್ ಜೊತೆಗೆ ಇಸ್ಪೀಟಿನ ಮೇಜೂ ಇರುತ್ತಿತ್ತು. ದೊರೆಗಳು ಹೋದ ಮೇಲೆ ನಮ್ಮ ತೋಟದ ಮನೆಯವರು ಆ ಕುರ್ಚಿಗಳಲ್ಲಿ ಕುಳಿತರು. ನಾನು ಈ ಆಟ ಕಲಿತದ್ದೂ ಮೂಡಿಗೆರೆ ಕಡೆಯ ಒಂದು ತೋಟದ ಮನೆಯಲ್ಲಿ, ನಲವತ್ತು ದಾಟಿದ ಮೇಲೆ.

ಈಗ ಆಡುವ ಕಾಂಟ್ರ್ಯಾಕ್ಟ್ ಬ್ರಿಜ್ಜಿಗೆ ಅಂಕದ ಪದ್ಧತಿ ರೂಪಿಸಿದವನು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್, 1925ರಲ್ಲಿ, ಒಂದು ಹಡಗಿನ ಪ್ರಯಾಣದಲ್ಲಿ. ಆಡುವವರು ನಾಲ್ವರು. ಎದುರುಬದುರು ಕುಳಿತವರು ಒಂದು ಜೋಡಿ. ತಲಾ 13 ಎಲೆ. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಟ್ರಿಕ್. ಮೊದಲು ಹರಾಜು. 1996ಕ್ಕೆ ಮುಂಚಿನ ಕಾಫಿ ಮಂಡಳಿಯ ಹರಾಜು ಕಂಡವರಿಗೆ ಇದು ಹೊಸದಲ್ಲ. ಯಾವ ಬಣ್ಣ ತುರುಫು, ಎಷ್ಟು ಟ್ರಿಕ್ ಗೆಲ್ಲುತ್ತೇವೆ ಎಂದು ಕೂಗಬೇಕು. 'ಒಂದು' ಎಂದರೆ ಏಳು ಟ್ರಿಕ್ಕಿನ ಮಾತು, 'ಏಳು' ಎಂದರೆ ಹದಿಮೂರೂ. ಹೆಚ್ಚು ಕೂಗಿದವರು ಮಾತು ಉಳಿಸಿಕೊಳ್ಳಬೇಕು, ತಪ್ಪಿದರೆ ದಂಡ. ಜೊತೆಗಾರ್ತಿಗೆ ಕಣ್ಸನ್ನೆ, ಕೈಸನ್ನೆ ಕೂಡದು. ಕೂಗಿನಿಂದಲೇ ಒಬ್ಬರ ಕೈ ಇನ್ನೊಬ್ಬರಿಗೆ ತಿಳಿಯಬೇಕು.

ಹರಾಜು ಮುಗಿದು ಎದುರಾಳಿ ಮೊದಲ ಎಲೆ ಇಳಿಸಿದ ಮೇಲೆ, ಗೆದ್ದ ಜೋಡಿಯಲ್ಲಿ ಒಬ್ಬಳು ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನಾಗುತ್ತಾಳೆ. ಅವಳಿಗೆ ಡಮ್ಮಿ ಎಂದು ಹೆಸರು. ಎರಡೂ ಕೈ ಆಡಿಸುವವರು ಅವಳ ಜೊತೆಗಾರರು. ಎಷ್ಟೋ ಮನೆಗಳಲ್ಲಿ ನಮ್ಮ ಪಾಡೂ ಇದೇ ಅಲ್ಲವೆ? ಒಡವೆ, ಸಂಬಳ, ದುಡಿಮೆ ಎಲ್ಲ ಮುಂದಿಟ್ಟು ಬಾಯಿ ಮುಚ್ಚಿ ಕೂರುವುದು! ಆದರೆ ಬ್ರಿಜ್ಜಿನಲ್ಲಿ ಡಮ್ಮಿಯ ಪಾತ್ರ ಯಾರಿಗೂ ಕಾಯಂ ಅಲ್ಲ. ಮುಂದಿನ ಸಲ ಅವಳೇ ಆಡಿಸಬಹುದು, ಗಂಡ ಸುಮ್ಮನಿರಬೇಕಾಗಬಹುದು.

ಇದು ಬರಿಯ ಮಾತಲ್ಲ. 1931–32ರಲ್ಲಿ ನ್ಯೂಯಾರ್ಕಿನ ಹೆಸರಾಂತ ಪಂದ್ಯದಲ್ಲಿ ಜೋಸೆಫೀನ್ ಕಲ್ಬರ್ಟ್‌ಸನ್ ಗಂಡ ಈಲಿಗೆ ಜೊತೆಯಾಗಿ ಕುಳಿತಳು. ಅವರ ಪಕ್ಷವೇ ಗೆದ್ದಿತು. 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಬ್ರಿಜ್ ಮೊದಲ ಬಾರಿ ಸೇರಿದಾಗ, ಕಂಚು ಗೆದ್ದ ನಮ್ಮ ಮಿಶ್ರ ತಂಡದಲ್ಲಿ ಅರವತ್ತು ದಾಟಿದ ಕಿರಣ್ ನಾಡಾರ್, ಹೇಮಾ ದೇವೊರಾ ಇದ್ದರು.

ಹಣದ ಸೋಂಕಿಲ್ಲದೆ, ಅಂಕಕ್ಕಾಗಿಯೇ ಆಡಿದರೆ ಈ ಆಟ ನೆನಪಿಗೆ, ಲೆಕ್ಕಕ್ಕೆ ಒಳ್ಳೆಯ ಸಾಣೆ. ಅದಕ್ಕಿಂತ ಮುಖ್ಯವಾಗಿ, ಕೊಟ್ಟ ಮಾತು ತನ್ನದೇ ಆದಾಗ ಅದನ್ನು ಉಳಿಸಿಕೊಳ್ಳುವ ಆಟವೂ ತನ್ನದೇ ಎಂಬ ಧೈರ್ಯವನ್ನು ಹೆಣ್ಣಿಗೆ ಕಲಿಸುತ್ತದೆ.