ಹೌದಾ ಪಿಸ್ತೂಲು

ಹತ್ತೊಂಬತ್ತನೆಯ ಶತಮಾನದಲ್ಲಿ ಆನೆಯ ಬೆನ್ನಿನ ಮೇಲಿನ ಹೌದಾ ಎಂಬ ಪೀಠದಲ್ಲಿ ಕುಳಿತು ವ್ಯಾಘ್ರಮೃಗಯೆಗೆ ಹೊರಡುತ್ತಿದ್ದ ಆಂಗ್ಲ ಅಧಿಕಾರಿಗಳು, ಗಾಯಗೊಂಡ ಹುಲಿಯು ಆನೆಯ ಮೇಲೇರಿ ಬಂದಾಗ ನೀಳವಾದ ಕೋವಿಯನ್ನು ತಿರುಗಿಸುವುದಕ್ಕಾಗಲಿ ಮತ್ತೆ ಮದ್ದು ತುಂಬುವುದಕ್ಕಾಗಲಿ ಅವಕಾಶವಿರದೆಂಬುದನ್ನರಿತು, ಜೋಡುನಳಿಗೆಯ ದಪ್ಪ ಪಿಸ್ತೂಲೊಂದನ್ನು ಜೊತೆಗಿರಿಸಿಕೊಳ್ಳತೊಡಗಿದರು. ಹೌದಾ ಪಿಸ್ತೂಲೆಂದೇ ಪ್ರಸಿದ್ಧವಾದ ಇವುಗಳಲ್ಲಿ ಕೆಲವು ಕೋವಿಯ ನಳಿಗೆಯನ್ನೇ ಮೊಟಕುಗೊಳಿಸಿ ಮಾಡಿದವು, 0.577 ಅಂಗುಲದ ಗುಂಡಿನವೂ ಉಂಟು. ಲಂಡನ್ನಿನ ಚಾರ್ಲ್ಸ್ ಲ್ಯಾಂಕಾಸ್ಟರ್ ಸಂಸ್ಥೆಯು 1880ರ ದಶಕದಲ್ಲಿ ನಾಲ್ಕು ನಳಿಗೆಯ ಪಿಸ್ತೂಲನ್ನೂ ತಯಾರಿಸಿತು. ದೂರದ ಗುರಿಗೆ ನಿರುಪಯುಕ್ತವಾದರೂ, ತೋಳಿನಳತೆಯ ಆತ್ಮರಕ್ಷಣೆಗೆ ಹೌದಾ ಪಿಸ್ತೂಲು ಯೋಗ್ಯವಾದ ಆಯುಧವೆಂದೇ ನನ್ನ ಮತ. ಆದರೆ ಆನೆಯ ಕುತ್ತಿಗೆಯ ಮೇಲೆ, ಹುಲಿಯ ಪಂಜಕ್ಕೆ ಅತಿ ಸಮೀಪದಲ್ಲಿ ಕುಳಿತಿರುತ್ತಿದ್ದ ಮಾವುತನ ಕೈಯಲ್ಲಿದ್ದುದು ಅಂಕುಶ. ಈ ವಿಷಮತೆಯನ್ನು ಮರೆಯಲಾಗದು. ಮುಂದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಭಾರತದಲ್ಲಿ ಹುಲಿಯ ಬೇಟೆಯನ್ನೇ ನಿಷೇಧಿಸಿತು.